ಹಲಗೆಯ ಹಿಂದಿನ ತುದಿ

ನನಗೆ ಮೀನು ಹಿಡಿಯಲು ಬರುವುದಿಲ್ಲ. ಮೀನು ತಿನ್ನುವುದೂ ಇಲ್ಲ. ಆದರೂ ಐದು ವರ್ಷ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ತಿಂಗಳಿಗೆರಡು ಶನಿವಾರ, ವರ್ಜೀನಿಯಾದ ಬೆಟ್ಟಗಳ ನಡುವಿನ ಒಂದು ತಣ್ಣನೆಯ ಕೆರೆಯ ದಂಡೆಯಲ್ಲಿ ಕೂತಿದ್ದೇನೆ. ಕೂರುವುದೇ ನನ್ನ ಕೆಲಸ. ಹನ್ನೆರಡು ಅಡಿ ಉದ್ದದ ಹಲಗೆಯ ಹಿಂದಿನ ತುದಿಯಲ್ಲಿ ನಾನು ಕೂತರೆ, ನೀರಿನ ಮೇಲೆ ಚಾಚಿದ ಮುಂದಿನ ತುದಿಯಲ್ಲಿ ನನ್ನ ಗೆಳೆಯ ಕೂತು ಟ್ರೌಟ್ ಹಿಡಿಯುತ್ತಿದ್ದ. ನಾನು ಎದ್ದರೆ ಅವನು ನೀರಿಗೆ ಬೀಳುತ್ತಿದ್ದ. ವ್ಯವಸ್ಥೆ ಇಷ್ಟೇ.

ಆಗ ನಾನು ಅದೇ ವರ್ಜೀನಿಯಾದ ಶ್ಯಾಂಟಿಲಿ ಎಂಬ ಊರಿನಲ್ಲಿದ್ದೆ. ಗದಗಿನ ಕಡೆಯವನು, ಸಿವಿಲ್ ಇಂಜಿನಿಯರ್. ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡಗಳ ತೊಲೆ, ಕಂಬಗಳು ಎಷ್ಟು ಭಾರ ತಡೆಯುತ್ತವೆ ಎಂದು ನೋಡುವುದು ನನ್ನ ಹೊಟ್ಟೆಪಾಡು. ವಯಸ್ಸು ನಲವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಕೇಳುವವರಿಗಾಗಿ ಆಗ ಒಂದು ಉತ್ತರ ಇಟ್ಟುಕೊಂಡಿದ್ದೆ, ಈಗ ಅದೂ ಮರೆತಿದೆ. ಅಲ್ಲಿನ ಕನ್ನಡದ ಮನೆಗಳವರು ಯುಗಾದಿಗೋ ಗಣೇಶನ ಹಬ್ಬಕ್ಕೋ ಸೇರುವಾಗ, ಯಾರು ಏನು ತರಬೇಕೆಂಬ ಪಟ್ಟಿ ಈಮೇಲಿನಲ್ಲಿ ಬರುತ್ತಿತ್ತು. ಒಬ್ಬರಿಗೆ ಬಿಸಿಬೇಳೆಬಾತ್, ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಕೋಸಂಬರಿ. ನನ್ನ ಹೆಸರಿನ ಮುಂದೆ ಪ್ರತಿ ಸಲವೂ ಐಸ್ ಮತ್ತು ಪೇಪರ್ ಪ್ಲೇಟ್. ಒಂಟಿ ಗಂಡಸಿಗೆ ಅಡುಗೆ ಬರುವುದಿಲ್ಲ ಎಂಬುದು ನಮ್ಮವರ ಶಾಸ್ತ್ರ. ನಾನು ಬಡಿದ ಜೋಳದ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತದೆ ಎಂದು ಹೇಳಿಕೊಳ್ಳಲು ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಸುಮ್ಮನೆ ಐಸ್ ಹೊತ್ತೆ.

ಗೆಳೆಯ ಸಿಕ್ಕಿದ್ದೂ ಐಸಿನಿಂದಲೇ. ಎರಡು ಸಾವಿರದ ಹತ್ತರ ಯುಗಾದಿ ಊಟ ಮುಗಿದಿತ್ತು. ಎಲ್ಲರೂ ಅವರವರ ಪಾತ್ರೆ, ಮುಚ್ಚಳ, ಮಕ್ಕಳನ್ನು ಹುಡುಕಿಕೊಳ್ಳುತ್ತಿದ್ದರು. ನಾನು ಉಳಿದ ಐಸನ್ನು ಪಾರ್ಕಿಂಗಿನ ಗಟಾರಕ್ಕೆ ಸುರಿಯಲು ಹೊರಟಿದ್ದೆ. ಮೈಸೂರಿನ ಕಡೆಯವನೊಬ್ಬ, ನನಗಿಂತ ಆರೇಳು ವರ್ಷ ಚಿಕ್ಕವನು, ಓಡಿ ಬಂದ.

"ಸಾರ್, ಸಾರ್, ಚೆಲ್ಲಬೇಡಿ. ನಂಗೆ ಕೊಡ್ತೀರಾ?"

"ಏನ್ ಮಾಡ್ತೀರಿ?"

"ನಾಳೆ ಬೆಳಿಗ್ಗೆ ಫಿಶಿಂಗ್ ಹೋಗ್ತಿದೀನಿ. ಟ್ರೌಟ್. ಇನ್ನು ಸ್ವಲ್ಪ ದಿನ ಅಷ್ಟೇ, ನೀರು ಬಿಸಿಯಾದ್ರೆ ಮುಗೀತು." ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, "ನೀವೂ ಬನ್ನಿ" ಅಂದ.

ಆ ದೇಶದಲ್ಲಿ ಹದಿಮೂರು ವರ್ಷ ಇದ್ದೆ. ಅಷ್ಟರಲ್ಲಿ ಊಟಕ್ಕೆ ಕರೆದವರಿದ್ದರು, ಪೂಜೆಗೆ ಕರೆದವರಿದ್ದರು, ಮನೆಯ ಗೋಡೆ ಬಿರುಕು ಬಿಟ್ಟಾಗ ನೋಡಿ ಹೇಳಲು ಕರೆದವರಂತೂ ಬಹಳ. ಸುಮ್ಮನೆ ಬನ್ನಿ ಎಂದು ಕರೆದವನು ಅವನೊಬ್ಬನೇ. ಹೋದೆ.

ಕೆರೆಗೆ ಎರಡು ಗಂಟೆಯ ದಾರಿ. ಬೆಟ್ಟದ ನೀರಿಗೆ ಅಡ್ಡ ಕಟ್ಟಿ ನಿಲ್ಲಿಸಿದ ಸಣ್ಣ ಕೆರೆ, ಸುತ್ತ ಸರಕಾರಿ ಕಾಡು. ಟ್ರೌಟ್ ಅಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಮೀನಲ್ಲ. ಚಳಿ ಶುರುವಾದಾಗ ಲಾರಿಯಲ್ಲಿ ತಂದು ಬಿಡುತ್ತಾರೆ, ಬೇಸಿಗೆಗೆ ನೀರು ಕಾದರೆ ಸಾಯುತ್ತವೆ. "ಇವೂ ನಮ್ ಥರಾನೇ, ವೀಸಾ ಮೇಲೆ ಬಂದಿವೆ" ಎಂದು ಅವನು ಪ್ರತಿ ಸೀಸನ್ನಿಗೊಮ್ಮೆ ಹೇಳುತ್ತಿದ್ದ, ಹೇಳಿ ಅವನೇ ನಗುತ್ತಿದ್ದ. ಮೂರನೆಯ ವರ್ಷದಿಂದ ನಾನು ನಗುವುದನ್ನು ಬಿಟ್ಟೆ.

ಆ ಮೊದಲ ದಿನ ನಾನು ಮೀನು ನೋಡಲಿಲ್ಲ, ಕುರ್ಚಿ ನೋಡಿದೆ. ದಂಡೆ ಪೂರ್ತಿ ಇಳಿಜಾರು, ಬರೀ ಕಲ್ಲು. ಅಂಗಡಿಯ ಮಡಚುವ ಕುರ್ಚಿ ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಒಬ್ಬೊಬ್ಬರೂ ತಮ್ಮ ಆಸನವನ್ನು ತಾವೇ ಮಾಡಿಕೊಂಡು ಬಂದಿದ್ದರು. ಒಬ್ಬಾಕೆ ಅಡುಗೆಮನೆಯ ಕುರ್ಚಿಯ ಹಿಂದಿನ ಎರಡು ಕಾಲನ್ನು ಗೇಣುದ್ದ ಕೊಯ್ದಿದ್ದಳು, ಇಳಿಜಾರಿನಲ್ಲಿ ಅದು ಸಮ ಕೂರುತ್ತಿತ್ತು. ಮನೆಯ ನೆಲದ ಮೇಲಿಟ್ಟರೆ ಕೂತವರನ್ನು ಹಿಂದಕ್ಕೆ ಕೆಡವುತ್ತಿತ್ತು. ಒಬ್ಬ ಹಾಲಿನ ಕ್ರೇಟಿಗೆ ಟ್ರ್ಯಾಕ್ಟರಿನ ಸೀಟು ಬೋಲ್ಟ್ ಮಾಡಿದ್ದ. ಇನ್ನೊಬ್ಬ ಸಾಮಾನು ಸಾಗಿಸುವ ಮರದ ಪ್ಯಾಲೆಟ್ಟಿಗೆ ಪ್ಲಾಸ್ಟಿಕ್ ಪೈಪಿನ ಕಾಲು ಕೊಟ್ಟು, ಪೈಪಿನೊಳಗೆ ಕಾಂಕ್ರೀಟು ತುಂಬಿ, ಮೇಲೆ ಹಳೆಯ ಕಾರ್ಪೆಟ್ ಬಡಿದು ಕಟ್ಟೆಯನ್ನೇ ಮಾಡಿಕೊಂಡಿದ್ದ. ಕಾಡಿನ ಇಲಾಖೆಯ ನಿಯಮ ಎರಡೇ: ಮರಕ್ಕೆ ಮೊಳೆ ಹೊಡೆಯಬಾರದು, ತಂದದ್ದನ್ನು ಬಿಟ್ಟುಹೋಗಬಾರದು. ನಮ್ಮ ಕಚೇರಿಯಲ್ಲಿ ನಾಲ್ಕು ಜನ ಪದವೀಧರರು ಸೇರಿ ಒಂದು ಮೆಟ್ಟಿಲನ್ನು ನೆಟ್ಟಗೆ ಮಾಡಲಾರರು. ಇವರನ್ನು ನೋಡಿ ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ನನ್ನ ಗೆಳೆಯನದ್ದು ಮಾತ್ರ ಬೋರಲು ಹಾಕಿದ ಒಂದು ಬಕೆಟ್ಟು. ಅದರ ಮೇಲೆ ಅವನು ಮಧ್ಯಾಹ್ನದೊಳಗೆ ಮೂರು ಸಲ ಜಾರಿದ. ಅವನು ಕೂರುವ ಜಾಗದಲ್ಲಿ ದಂಡೆಯ ಹತ್ತಿರವೆಲ್ಲ ನೀರಕಳೆ, ಗಾಳಕ್ಕೆ ಬರೀ ಕಳೆಯೇ ಸಿಕ್ಕುತ್ತಿತ್ತು. ನಾಲ್ಕೇ ನಾಲ್ಕು ಅಡಿ ಆಚೆ ನೀರು ಸ್ವಚ್ಛ, ಆಳ.

"ಅಲ್ಲೀವರೆಗೂ ಹೋಗಿ ಕೂತ್ಕೊಳ್ಳೋ ಥರ ಏನಾದ್ರೂ ಮಾಡಕ್ಕಾಗುತ್ತಾ ಸಾರ್? ನೀವು ಇಂಜಿನಿಯರ್ ಅಲ್ವಾ?"

"ನೋಡೂಣಂತ" ಅಂದೆ. ಆದರೆ ಮನಸ್ಸಿನಲ್ಲಿ ಆಗಲೇ ಅಳತೆ ಶುರುವಾಗಿತ್ತು.

ಮುಂದಿನ ವಾರ ಅವನ ಮನೆಯ ಗರಾಜಿನಲ್ಲಿ ಹಲಗೆ ತಯಾರಾಯಿತು. ಎರಡು ಇಂಚು ದಪ್ಪ, ಒಂದಡಿ ಅಗಲ, ಹನ್ನೆರಡು ಅಡಿ ಉದ್ದದ ಪೈನ್ ಹಲಗೆ. ಅಡಿಭಾಗಕ್ಕೆ ಎರಡು ಅಡ್ಡಪಟ್ಟಿ, ಅವುಗಳ ನಡುವೆ ಹಳೆಯ ಟೈರಿನ ರಬ್ಬರು. ದಂಡೆಯಂಚಿನಲ್ಲಿ ಎಮ್ಮೆಯ ಬೆನ್ನಿನಂಥ ಒಂದು ಬಂಡೆಯಿತ್ತು, ಅಡ್ಡಪಟ್ಟಿ ಆ ಬಂಡೆಗೆ ಕಚ್ಚಿಕೊಳ್ಳುತ್ತಿತ್ತು. ನಾಲ್ಕಡಿ ನೀರಿನ ಮೇಲೆ, ಎಂಟಡಿ ನೆಲದ ಕಡೆಗೆ, ಹಿಂದಿನ ತುದಿಯ ಕೆಳಗೆ ಮರದ ತುಂಡು. ಮುಂದಿನ ತುದಿಗೆ ಅವನಿಗಾಗಿ ಹಳೆಯ ಕಾರಿನ ಕುಶನ್ನು ಬಡಿದೆ. ಉಳಿದ ಮರದ ತುಂಡಿನಲ್ಲಿ ನನಗೊಂದು ಮಣೆ ಮಾಡಿಕೊಂಡೆ, ಊಟಕ್ಕೆ ಕೂರುತ್ತೇವಲ್ಲ ಅಂಥದ್ದೇ.

"ನಿಮ್ ಜಾಗಕ್ಕೆ ಕಲ್ಲು ಇಟ್ರೆ ಆಗಲ್ವಾ?" ಎಂದು ಅವನು ಒಮ್ಮೆ ಕೇಳಿದ್ದ.

"ಕಲ್ಲು ಉರುಳಿದ್ರ? ನಾ ಇದ್ರ ಚಿಂತಿ ಇಲ್ಲ" ಅಂದೆ.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ಆ ಹಲಗೆ ಮಾಡಿ ತಿಂಗಳು ಕಳೆಯುವುದರೊಳಗೆ ಇನ್ನೊಂದು ನಕ್ಷೆ ನನ್ನ ಕೈಯಲ್ಲಿತ್ತು. ಒಬ್ಬನೇ ಕೂರುವ ಆಸನ, ನಾಲ್ಕು ಪೈಪಿನ ಕಾಲು. ಮುಂದಿನ ಎರಡು ಉದ್ದ, ನೀರೊಳಗಿನ ಬಂಡೆಯ ಮೇಲೆ ನಿಲ್ಲುವಂಥವು. ತಿರುಗಿಸಿ ಎತ್ತರಿಸಲು ಪಾದಕ್ಕೆ ತಿರುಪು. ಕಚೇರಿಯ ಊಟದ ಹೊತ್ತಿನಲ್ಲಿ ಗ್ರಾಫ್ ಹಾಳೆಯ ಮೇಲೆ ಬರೆದೆ. ಒಳ್ಳೆಯ ನಕ್ಷೆ. ಮಡಚಿ ಮನೆಯ ಡ್ರಾಯರಿನಲ್ಲಿ ಸ್ಕ್ರೂಡ್ರೈವರುಗಳ ಅಡಿಗಿಟ್ಟೆ. ಅವನಿಗೆ ತೋರಿಸಲಿಲ್ಲ. ಆ ಆಸನ ಇದ್ದರೆ ಅವನಿಗೆ ನಾನು ಬೇಕಾಗಿರಲಿಲ್ಲ. ಮೀನು ಹಿಡಿಯದ, ಮೀನು ತಿನ್ನದ, ಗಾಳದ ಕೊಕ್ಕೆ ಬಿಡಿಸುವಾಗ ಮುಖ ತಿರುಗಿಸುವ ಮನುಷ್ಯನನ್ನು ಎರಡು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಯಾರು ಹೋಗುತ್ತಾರೆ? ಭಾರವಾಗಿಯಾದರೂ ಬೇಕಾದವನಾಗಿರೋಣ ಅನ್ನಿಸಿತು.

ಹೀಗೆ ಐದು ಚಳಿಗಾಲ ಕಳೆದವು. ಅವನ ಕಡೆ ಬಿಸಿಲು ಬೇಗ ಬರುತ್ತಿತ್ತು, ನನ್ನ ಕಡೆ ಮರಗಳ ನೆರಳು. ಜನವರಿಯಲ್ಲಿ ದಂಡೆಯಂಚಿಗೆ ಗಾಜಿನ ತೆಳುವಿನ ಮಂಜುಗಡ್ಡೆ ಕಟ್ಟುತ್ತಿತ್ತು, ಅವನು ಗಾಳ ಎಸೆದಾಗ ಅದು ಚಟ್ ಎಂದು ಒಡೆಯುತ್ತಿತ್ತು. ಅವನು ಬಣ್ಣದ ಹಿಟ್ಟಿನ ಉಂಡೆ ಕಟ್ಟಿ ಗಾಳಕ್ಕೆ ಚುಚ್ಚಿ ಎಸೆದು ಗಂಟೆಗಟ್ಟಲೆ ಕಾಯುತ್ತಿದ್ದ. ನಾನು ಅವನ ಬೆನ್ನು ನೋಡಿಕೊಂಡು ಕೂರುತ್ತಿದ್ದೆ. ಅವನ ಮುಖಕ್ಕಿಂತ ಬೆನ್ನು ನನಗೆ ಹೆಚ್ಚು ಪರಿಚಯ. ಗ್ರೀನ್ ಕಾರ್ಡಿನ ಚಿಂತೆ, ಮೇಲಧಿಕಾರಿಯ ಕಿರಿಕಿರಿ, ಹೆಂಡತಿಯೊಡನೆ ಆಡಿದ ಮಾತು, ಆಡಬಾರದಿತ್ತು ಅನ್ನಿಸಿದ ಮಾತು, ಎಲ್ಲವನ್ನೂ ಅವನು ನೀರಿಗೆ ಹೇಳುತ್ತಿದ್ದ, ನಾನು ಹಿಂದಿನಿಂದ ಕೇಳುತ್ತಿದ್ದೆ. ಎದುರುಬದುರು ಕೂತಿದ್ದರೆ ಅರ್ಧವನ್ನೂ ಹೇಳುತ್ತಿರಲಿಲ್ಲ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ, ತಿರುಗಿ ನೋಡದೆ, "ಇದೀರಾ?" ಅನ್ನುತ್ತಿದ್ದ.

"ಅದೀನಪಾ" ಅನ್ನುತ್ತಿದ್ದೆ.

ಮೊದಮೊದಲು ಸಿಟ್ಟು ಬರುತ್ತಿತ್ತು. ಇಲ್ಲದಿದ್ದರೆ ನೀನು ನೀರಿನಲ್ಲಿರುತ್ತಿದ್ದೆಯಲ್ಲೋ ಮಾರಾಯ, ಅದರಲ್ಲಿ ಕೇಳುವುದೇನಿದೆ? ಆಮೇಲೆ ಅದು ಅಭ್ಯಾಸವಾಯಿತು. ಇನ್ನೂ ಆಮೇಲೆ, ವಾರದ ಮಧ್ಯೆ, ಬುಧವಾರವೋ ಗುರುವಾರವೋ, ಮನೆಯಲ್ಲಿ ಒಬ್ಬನೇ ಉಣ್ಣುವಾಗ ಆ ಪ್ರಶ್ನೆಗಾಗಿ ಕಿವಿ ಕಾಯುತ್ತಿತ್ತು. ಇದ್ದೀಯಾ ಎಂದು ನನ್ನನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ.

ಊಟವೂ ಹಲಗೆಯ ಮೇಲೆಯೇ. ನಾನು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೋಗುತ್ತಿದ್ದೆ. ನನ್ನ ರೊಟ್ಟಿಯನ್ನು ಹೊಗಳಿದವನು ಆ ದೇಶದಲ್ಲಿ ಅವನೊಬ್ಬನೇ. ಅವನ ಪಾಲನ್ನು ಗಾಳದ ಕೋಲಿನ ತುದಿಗೆ ಚೀಲ ಕಟ್ಟಿ ಮುಂದಕ್ಕೆ ದಾಟಿಸುತ್ತಿದ್ದೆ. ಅವನು ಬೇಗ ತಿಂದು ಮುಗಿಸುತ್ತಿದ್ದ, ನಾನು ನಿಧಾನ. ಅವನು ಮುಗಿಸಿದರೂ ಅಲ್ಲಾಡುತ್ತಿರಲಿಲ್ಲ. "ಪಂಕ್ತೀಲಿ ಒಬ್ರು ಮುಂಚೆ ಏಳಬಾರ್ದು ಸಾರ್. ನಮ್ಮಜ್ಜಿ ಎದ್ದೋರ ಕಿವಿ ಹಿಂಡೋರು" ಅನ್ನುತ್ತಿದ್ದ. ನಮ್ಮ ಮನೆಯಲ್ಲಿಯೂ ಅದೇ ಪದ್ಧತಿ. ಸಾಲಿನಲ್ಲಿ ಉಣ್ಣಲು ಕೂತಾಗ ಒಬ್ಬ ನಡುವೆ ಎದ್ದರೆ ಉಳಿದವರಿಗೆ ಅವಮಾನ. ಇಬ್ಬರದೇ ಪಂಕ್ತಿ, ಅದೂ ಒಬ್ಬನ ಹಿಂದೆ ಒಬ್ಬ, ಆದರೂ ನಿಯಮ ನಿಯಮವೇ. ನಾನು ಏಳಬೇಕಾದಾಗ ಒಮ್ಮೆ ಕೆಮ್ಮುತ್ತಿದ್ದೆ. ಅವನು ಹಲಗೆಯ ಮೇಲೆಯೇ ಹಿಂದಕ್ಕೆ ಸರಿದು ಬಂಡೆಗೆ ಇಳಿಯುತ್ತಿದ್ದ. ಆಮೇಲೆ ನಾನು ಏಳುತ್ತಿದ್ದೆ. ಐದು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಒಂದು ಸಲ ಅವನ ಮಗಳು ಬಂದಿದ್ದಳು. ಅಲ್ಲಿಯೇ ಹುಟ್ಟಿದ ಹುಡುಗಿ, ಹತ್ತು ವರ್ಷ. ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, "ಸೋ ಅಂಕಲ್, ಯು ಆರ್ ದ ವೇಟ್?" ಎಂದು ಕೇಳಿದಳು.

"ಹೂಂನವ್ವಾ, ಭಾರ ಅಂದ್ರ ನಾನ."

"ಡು ಯು ಎವರ್ ಗೆಟ್ ಎ ಟರ್ನ್?"

"ನನಗ ಬ್ಯಾಡವ್ವಾ" ಅಂದೆ. ಅವಳು ನಂಬಲಿಲ್ಲ ಅನ್ನಿಸುತ್ತದೆ. ಅವಳಪ್ಪ ಮುಂದೆ ಕೂತು ಜೋರಾಗಿ ನಗುತ್ತಿದ್ದ, ಹಲಗೆಯೆಲ್ಲ ನಡುಗಿತು.

ಐದನೆಯ ಚಳಿಗಾಲದ ಕೊನೆ, ಮಾರ್ಚ್ ತಿಂಗಳು. ಒಂದು ಗುರುವಾರ ಕಚೇರಿಯಲ್ಲಿದ್ದಾಗ ಹಬ್ಬದ ಪಟ್ಟಿ ಮಾಡುವ ಆಂಟಿಯಿಂದ ಫೋನು ಬಂತು.

"ನೆಕ್ಸ್ಟ್ ಸಂಡೆ ಫೇರ್‌ವೆಲ್ ಇಟ್ಕೊಂಡಿದೀವಿ. ಐಸ್ ಮತ್ತೆ ಪ್ಲೇಟ್ಸ್ ನೀವೇ ತರ್ತೀರ ಅಲ್ವಾ?"

"ಯಾರದರಿ ಫೇರ್‌ವೆಲ್?"

ಆಕೆ ಅವನ ಹೆಸರು ಹೇಳಿದರು. "ಜಾರ್ಜಿಯಾದ ಅಲ್ಫರೆಟಾಗೆ ಮೂವ್ ಆಗ್ತಿದಾರಲ್ಲ, ಜಾನ್ಯುವರಿಲೇ ಫಿಕ್ಸ್ ಆಯ್ತು. ಮನೆ ಕೂಡ ಸೇಲ್ ಆಗಿದೆ. ನಿಮ್ಗೆ ಹೇಳಿರ್ಬೇಕಲ್ಲ? ನೀವಿಬ್ರೂ ಅಷ್ಟು ಕ್ಲೋಸು."

"ಹೇಳ್ಯಾನರಿ" ಅಂದೆ.

ಜನವರಿ, ಫೆಬ್ರವರಿ, ಮಾರ್ಚ್. ಆರು ಶನಿವಾರ ಅವನ ಬೆನ್ನ ಹಿಂದೆ ಕೂತಿದ್ದೆ. ಊರಿಗೆಲ್ಲ ಗೊತ್ತಿದ್ದ ಸುದ್ದಿ ಹನ್ನೆರಡು ಅಡಿ ಹಿಂದೆ ಕೂತವನಿಗೆ ಗೊತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವತ್ತು ಬಂದದ್ದು ಸಿಟ್ಟಿಗಿಂತ ಬೇರೆ. ಅಂದಿನ ಕೆಲಸದಲ್ಲಿ ಒಂದು ತೊಲೆಗೆ ಭಾರವನ್ನು ಎರಡು ಸಲ ಕೂಡಿಸಿ, ಯಾಕೆ ಹೊಂದುತ್ತಿಲ್ಲ ಎಂದು ಸಂಜೆಯವರೆಗೆ ನೋಡುತ್ತಾ ಕೂತೆ.

ಶನಿವಾರ ಬೆಳಿಗ್ಗೆ ಎಂದಿನಂತೆ ಬಂದ. ದಾರಿಯಲ್ಲಿ ಹೇಳಬಹುದು ಅಂದುಕೊಂಡೆ. ಹೇಳಲಿಲ್ಲ. ಹಲಗೆ ಇಳಿಸುವಾಗ ಹೇಳಬಹುದು ಅಂದುಕೊಂಡೆ. ಆಗಲೂ ಇಲ್ಲ. ಅವನು ಮುಂದೆ ಹೋಗಿ ಕೂತ, ಗಾಳ ಎಸೆದ. ಒಂದು ಗಂಟೆಯಾದ ಮೇಲೆ ಹಲಗೆಯನ್ನು ಕೈಯಿಂದ ತಟ್ಟಿ ಹೇಳಿದ: "ಸಾರ್, ರಬ್ಬರ್ ಸವೆದೋಗಿದೆ. ಅಕ್ಟೋಬರ್‌ಗೆ ಹೊಸದು ಹಾಕ್ಬೇಕು."

ಅಕ್ಟೋಬರಿಗೆ ಅವನು ಜಾರ್ಜಿಯಾದಲ್ಲಿರುತ್ತಾನೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ದಾರ ಸುತ್ತಿಕೊಂಡು ಮತ್ತೆ ಎಸೆದ.

"ಇದೀರಾ?" ಅಂದ.

ನಾನು ಎದ್ದೆ.

ಕೆಮ್ಮಲಿಲ್ಲ. ಮಣೆಯಿಂದ ಎದ್ದು ನೆಲದ ಮೇಲೆ ನಿಂತೆ, ಅಷ್ಟೇ. ಭಾರದ ಲೆಕ್ಕವೇ ನನ್ನ ಕಸುಬು. ಏನಾಗುತ್ತದೆ ಎಂದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಹಿಂದಿನ ತುದಿ ನನ್ನ ಎದೆಯ ಮುಂದೆ ಎದ್ದುಬಂತು. ನನ್ನ ಮಣೆ ಜಾರಿ ಅವನ ಹಿಂದೆಯೇ ನೀರಿಗೆ ಹೋಯಿತು. ಅವನು ಕೂಗಲೂ ಇಲ್ಲ.

ನೀರು ಎದೆಮಟ್ಟ, ಇಬ್ಬರಿಗೂ ಈಜು ಬಾರದು. ಅವನು ಮುಳುಗಿ ಎದ್ದಾಗ ಮುಖ ನೀಲಿಯಾಗಿತ್ತು, ಬಾಯಿ ತೆರೆದಿತ್ತು, ಉಸಿರು ಮಾತ್ರ ಹೊರಗೆ ಬರುತ್ತಿರಲಿಲ್ಲ. ಮಾರ್ಚ್ ತಿಂಗಳ ಬೆಟ್ಟದ ನೀರು ಎದೆಯನ್ನು ಹಾಗೆ ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನೂ ಇಳಿದೆ. ಸೊಂಟದವರೆಗೆ ಹೋಗಿ ಅವನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಎಳೆದೆ. ಟ್ರ್ಯಾಕ್ಟರ್ ಸೀಟಿನವನೂ ಓಡಿ ಬಂದು ಒಂದು ಕೈ ಕೊಟ್ಟ. ದಂಡೆಯ ಕಲ್ಲಿನ ಮೇಲೆ ಕೂರಿಸಿದಾಗ ಅವನು ನನ್ನನ್ನೇ ನೋಡಿದ.

"ಕಾಲು ಜಾರಿತಪಾ" ಅಂದೆ. "ನನ್ನ ಕಾಲು ಜಾರಿತು."

ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ತಲೆಯಾಡಿಸಿದ.

ಎರಡು ಗಂಟೆ ಕಾರಿನ ಹೀಟರನ್ನು ಪೂರ್ತಿ ತಿರುಗಿಸಿ ನಾನೇ ಓಡಿಸಿದೆ. ಅವನು ನನ್ನ ಒಣ ಸ್ವೆಟರು ಹಾಕಿಕೊಂಡು, ಕಂಬಳಿ ಸುತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಅಲ್ಫರೆಟಾ ಎಂಬ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಅವನ ಹೆಂಡತಿ ಬಾಗಿಲಲ್ಲೇ ಬೆಚ್ಚಿ ಕೇಳಿದಾಗ, "ಏನಿಲ್ಲ ಕಣೆ, ಕಾಲು ಜಾರ್ತು" ಅಂದ. ಯಾರ ಕಾಲು ಎಂದು ಹೇಳಲಿಲ್ಲ.

ಫೇರ್‌ವೆಲ್ಲಿಗೆ ಐಸ್ ಒಯ್ದೆ. ಪ್ಲೇಟ್ ಒಯ್ದೆ. ಅವನು ನನ್ನನ್ನು ಅಪ್ಪಿಕೊಂಡು, "ಹೇಳೋಣ ಹೇಳೋಣ ಅಂತ ಆಗ್ಲೇ ಇಲ್ಲ ಸಾರ್. ಹೇಳಿದ್ರೆ ಬೇಜಾರ್ ಮಾಡ್ಕೋತೀರ ಅಂತ" ಅಂದ. ಸುತ್ತ ಹತ್ತು ಜನ ಇದ್ದರು. ನನ್ನದೂ ಒಂದು ಮಾತಿತ್ತು, ಅದನ್ನು ಅಲ್ಲಿ ಹೇಳುವ ಹಾಗಿರಲಿಲ್ಲ. "ಇರ್ಲಿ ಬಿಡಪಾ" ಅಂದೆ.

ಹಲಗೆಯನ್ನು ನನಗೇ ಬಿಟ್ಟುಹೋದ. ಹನ್ನೆರಡು ಅಡಿ ಹಲಗೆ ನನ್ನ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಯೂ ಹಿಡಿಸಲಿಲ್ಲ. ಕೊನೆಗೆ ನಡುಮನೆಯಲ್ಲಿ ಮೂಲೆಯಿಂದ ಮೂಲೆಗೆ ಇಟ್ಟೆ, ಅಡುಗೆಮನೆಗೆ ಹೋಗಬೇಕಾದರೆ ದಾಟಬೇಕು. ದಿನಕ್ಕೆ ಎಂಟು ಹತ್ತು ಸಲ ದಾಟುತ್ತಿದ್ದೆ. ಮನೆಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಯಾಕೆ ಎಂದು ಯಾರೂ ಕೇಳಲಿಲ್ಲ. ಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ದೀಪಾವಳಿಗೆ ದೀಪದ ಚಿತ್ರ. ಪ್ರತಿ ಸಲ ಫೋನು ಇಡುವಾಗ, ಇವತ್ತೂ ಹೇಳಲಿಲ್ಲ ಅನ್ನಿಸುತ್ತಿತ್ತು.

ಆ ಅಕ್ಟೋಬರಿನಲ್ಲಿ ಒಂದು ಶನಿವಾರ ಒಬ್ಬನೇ ಹಲಗೆಯನ್ನು ಬಾಡಿಗೆ ಗಾಡಿಯ ಮೇಲೆ ಕಟ್ಟಿಕೊಂಡು ಕೆರೆಗೆ ಹೋದೆ. ರಬ್ಬರು ಹೊಸದು ಹಾಕಿದ್ದೆ. ಬಂಡೆಯ ಮೇಲೆ ಕೂರಿಸಿ, ಹಿಂದಿನ ತುದಿಯಲ್ಲಿ ಕೂತೆ. ಮುಂದಿನ ತುದಿಯಲ್ಲಿ ಕುಶನ್ನು ಇತ್ತು, ಅದರಾಚೆ ನೀರು. ಹಲಗೆ ಅಲ್ಲಾಡಲಿಲ್ಲ, ಎದ್ದರೂ ಅಲ್ಲಾಡುತ್ತಿರಲಿಲ್ಲ. ಕೊಯ್ದ ಕುರ್ಚಿಯ ಹೆಂಗಸು ಹೋಗುವಾಗ ನಿಂತು, ನಿನ್ನ ಜೊತೆಗಾರ ಇನ್ನೂ ಬಂದಿಲ್ಲವೇ ಎಂದು ಕೇಳಿದಳು. ಬರುತ್ತಾನೆ ಎಂದು ಹೇಳಿದೆ. ಮಧ್ಯಾಹ್ನದವರೆಗೆ ಕೂತು, ರೊಟ್ಟಿ ತಿಂದು, ಹಲಗೆ ಹೊತ್ತುಕೊಂಡು ಬಂದೆ. ಮತ್ತೆ ಹೋಗಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ನಮ್ಮವ್ವ ನನಗೇ ಎಷ್ಟು ಸಲ ಹೇಳಿದ್ದಳೋ.

ಮೂರು ವರ್ಷ ಕಳೆದವು. ಒಂದು ನವೆಂಬರಿನಲ್ಲಿ ಕಚೇರಿಯ ಕೆಲಸದ ನೆಪ ಮಾಡಿಕೊಂಡು ಹೊರಟೆ. ಕೆಲಸ ಏನೂ ಇರಲಿಲ್ಲ. ವರ್ಜೀನಿಯಾ ಇಳಿದು ಎರಡೂ ಕ್ಯಾರೊಲೈನಾ ದಾಟಿ, ಹತ್ತು ಗಂಟೆಗೂ ಮಿಕ್ಕಿ ಒಬ್ಬನೇ ಕಾರು ಓಡಿಸಿದೆ. ಹೇಳಬೇಕಾದ ಮಾತನ್ನು ಕಾರಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ. ಶಾರ್ಲಟ್ ಊರು ದಾಟುವಾಗ ಚೆನ್ನಾಗಿ ಬಂತು.

ಅವನು ಖುಷಿಪಟ್ಟ. ಕೂದಲು ನೆರೆತಿತ್ತು. ಹೆಂಡತಿ ಬಿಸಿಬಿಸಿ ದೋಸೆ ಹಾಕಿದರು. ಮಗಳು ಉದ್ದ ಬೆಳೆದು, "ಹಾಯ್ ಅಂಕಲ್" ಎಂದು ಹೇಳಿ ಮೇಲೆ ಹೋದಳು. "ನಾಳೆ ಬೆಳಿಗ್ಗೆ ಲೇಕ್‌ಗೆ ಹೋಗೋಣ ಸಾರ್. ಇಲ್ಲೂ ಟ್ರೌಟ್ ಬಿಡ್ತಾರೆ, ಗುಡ್ಡದ್ ಮೇಲೆ" ಅಂದ.

ಜಿಎ ನಾನೂರು ಎಂಬ ಹೆದ್ದಾರಿಯ ಮೇಲೆ ಉತ್ತರಕ್ಕೆ ಹೋದೆವು. ಗಾಡಿಯ ಹಿಂದೆ ಹಲಗೆ ಇರಲಿಲ್ಲ. ಕೆರೆಯ ದಂಡೆಗೆ ಬಂದ ಮೇಲೆ ಅವನು ಒಂದು ಉದ್ದನೆಯ ಚೀಲ ಬಿಚ್ಚಿದ. ಅಲ್ಯೂಮಿನಿಯಂ ಪೈಪಿನ ನಾಲ್ಕು ಕಾಲು, ಮುಂದಿನ ಎರಡು ಉದ್ದ, ಪಾದಕ್ಕೆ ತಿರುಪು. ಬೂಟಿನಲ್ಲಿ ಮೊಣಕಾಲುದ್ದ ನೀರಿಗಿಳಿದು ಐದು ನಿಮಿಷದಲ್ಲಿ ನಿಲ್ಲಿಸಿದ. ನಾನು ನೋಡುತ್ತಾ ನಿಂತೆ. ನನ್ನ ಡ್ರಾಯರಿನಲ್ಲಿ ಸ್ಕ್ರೂಡ್ರೈವರುಗಳ ಕೆಳಗೆ ಮಡಚಿ ಬಿದ್ದಿದ್ದ ನಕ್ಷೆ ಅಲ್ಲಿ ನೀರಿನಲ್ಲಿ ನಿಂತಿತ್ತು. ಬೆನ್ನಿಗೊಂದು ಒರಗು ಮಾತ್ರ ಅವನದೇ ಹೆಚ್ಚಿನದ್ದು.

"ಹೆಂಗಿದೆ ಸಾರ್? ಒಂದು ಚಳಿಗಾಲ ಪೂರ್ತಿ ಕೂತು ಮಾಡ್ದೆ. ನಿಮ್ ಹತ್ರ ಕಲ್ತಿದ್ದು."

"ಗಟ್ಟಿ ಅದ" ಅಂದೆ.

ನನಗೆ ಅವನು ಮಡಚುವ ಕುರ್ಚಿ ತಂದಿದ್ದ. ದಂಡೆಯ ಮೇಲೆ ಸಮತಟ್ಟಾದ ಜಾಗ ನೋಡಿ ಹಾಕಿಕೊಟ್ಟ, ಅವನ ಹಿಂದೆ ಎಂಟೋ ಹತ್ತೋ ಅಡಿ ದೂರ. ಅತಿಥಿಯ ಕುರ್ಚಿ. ನಾನು ಕೂತೆ. ಬೇಕಾದಾಗ ಏಳಬಹುದಿತ್ತು, ತಿರುಗಾಡಬಹುದಿತ್ತು, ಕಾರಿಗೆ ಹೋಗಿ ಮಲಗಬಹುದಿತ್ತು. ಅವನು ಗಾಳ ಎಸೆದ. ಅದೇ ಬೆನ್ನು. ಹತ್ತು ನಿಮಿಷ ಆಯಿತು, ಇಪ್ಪತ್ತು ನಿಮಿಷ ಆಯಿತು. ಒಂದು ಗಂಟೆ ಆಯಿತು. ಅವನು ಒಮ್ಮೆಯೂ ಕೇಳಲಿಲ್ಲ. ಬೇಕೆಂದು ಸುಮ್ಮನಿದ್ದದ್ದಲ್ಲ, ಕೇಳುವ ಅಗತ್ಯ ಇರಲಿಲ್ಲ. ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು, ಒಂದು ಪ್ರಶ್ನೆ ಕೇಳಲಿಲ್ಲ ಎಂದು ಅಳುವುದೇ ಎಂದು ನನ್ನನ್ನೇ ಬೈದುಕೊಂಡೆ.

ಕಾರಿನಲ್ಲಿ ಅಭ್ಯಾಸ ಮಾಡಿದ್ದು ಒಂದೂ ನೆನಪಾಗಲಿಲ್ಲ.

"ಅವತ್ತು ನನ್ನ ಕಾಲು ಜಾರಿದ್ದಿಲ್ಲಪಾ" ಅಂದೆ. "ನಾ ಬೇಕಂತ ಎದ್ದೆ."

ಅವನು ತಿರುಗಲಿಲ್ಲ. ಗಾಳದ ದಾರವನ್ನು ಬೆರಳಿನಿಂದ ಸ್ವಲ್ಪ ಎಳೆದು ನೋಡಿದ.

"ಗೊತ್ತು ಸಾರ್" ಅಂದ. "ನೀವು ಕೆಮ್ಮಲಿಲ್ಲ."

ಆಸನದ ಪೈಪನ್ನು ತಟ್ಟಿ, ದನಿಯಲ್ಲಿ ಕೋಪ ತಾಪ ಏನೂ ಇಲ್ಲದೆ, "ಅದಕ್ಕೇ ಇದಕ್ಕೆ ಕಾಲು ಇಟ್ಟಿದ್ದು" ಅಂದ.

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಬಂದದ್ದೇ ಬಂದಿದ್ದೇನೆ, ಉಳಿದದ್ದನ್ನೂ ಹೇಳಿಬಿಡೋಣ ಎಂದು ನಕ್ಷೆಯ ವಿಷಯ ಹೇಳಿದೆ. ಮೊದಲ ತಿಂಗಳಲ್ಲೇ ಬರೆದಿದ್ದೆ ಎಂದೆ. ನಾಲ್ಕು ಕಾಲು, ತಿರುಪು, ಎಲ್ಲ ಹೀಗೆಯೇ ಎಂದೆ.

"ಮತ್ಯಾಕೆ ಮಾಡ್ಲಿಲ್ಲ?"

"ಮಾಡಿಕೊಟ್ಟಿದ್ರ ನೀ ನನ್ನ ಕರೀತಿದ್ದೀ ಏನು?"

ಎದುರು ದಂಡೆಯಲ್ಲಿ ಯಾರದೋ ಗಾಳಕ್ಕೆ ಮೀನು ಬಿದ್ದು ಕೂಗಾಟವಾಯಿತು, ಅಡಗಿತು.

"ಕರೀತಿದ್ದೆ ಸಾರ್" ಅಂದ.

ನಿಜವಾಗಿ ಹೇಳಿದನೋ, ಮನೆಗೆ ಬಂದವನ ಮನಸ್ಸು ನೋಯಿಸಬಾರದೆಂದು ಹೇಳಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುಖ ಕಂಡಿದ್ದರೆ ತಿಳಿಯುತ್ತಿತ್ತೇನೋ. ನನ್ನ ಕಡೆಗೆ ಇದ್ದದ್ದು ಬೆನ್ನು. ನಿಜವಾಗಿದ್ದರೆ ಐದು ವರ್ಷ ನಾನು ಸುಮ್ಮಸುಮ್ಮನೆ ಹೆದರಿದ್ದೆ, ಆ ಹೆದರಿಕೆಯಿಂದಲೇ ಅವನನ್ನು ಕಳೆದುಕೊಂಡಿದ್ದೆ.

ಗಾಳಿ ಎದ್ದಿತು. ನನ್ನ ಮೊಣಕಾಲು ನೋಯುತ್ತಿತ್ತು, ಪಾದ ಜೋಮು ಹಿಡಿದಿತ್ತು. ನಾನು ಎದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅವನು ದಾರ ಸುತ್ತಿಕೊಂಡು, ನೀರಿಗಿಳಿದು, ದಂಡೆ ಹತ್ತಿ, ನನ್ನ ಪಕ್ಕದಲ್ಲಿ ಬಂದು ನಿಲ್ಲುವವರೆಗೆ ನಾನು ಏಳಲಿಲ್ಲ.